ಅಕ್ಕೋರ ಲೆಕ್ಕ: 577201ರ ಹೊಟ್ಟೆಯಲ್ಲಿ ಏನಿದೆ?

ಮಳೆ ಹಿಡಿದು ಒಂದು ವಾರ ಆಯಿತು. ತೀರ್ಥಹಳ್ಳಿಯಲ್ಲಿ ಕರೆಂಟು ಬಂದಷ್ಟೇ ಬೇಗ ಹೋಗುತ್ತದೆ. ಟಿವಿ ಇಲ್ಲ, ಫೋನಿಗೆ ಚಾರ್ಜ್ ಇಲ್ಲ. ಹಾಗಾಗಿ ಈ ಸಲದ ಉತ್ತರಗಳನ್ನೆಲ್ಲ ಹಳೇ ಕ್ಯಾಲೆಂಡರ್ ಹಾಳೆಗಳ ಹಿಂದೆ, ಜಗುಲಿಯಲ್ಲಿ ಕೂತು, ಕೈಯಲ್ಲೇ ಮಾಡಿದ್ದೇನೆ. ಒಂದು ಕಡೆ ತಪ್ಪೂ ಮಾಡಿದೆ. ಅದನ್ನೂ ಹೇಳುತ್ತೇನೆ.

ಪ್ರಶ್ನೆ: ಅಕ್ಕೋರೇ, ನಾನು ಮೂವತ್ತು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದವನು. ಮಗ ಶಿವಮೊಗ್ಗದಲ್ಲಿ ಮನೆ ಕೊಂಡ. ಗೃಹಪ್ರವೇಶಕ್ಕೆ ಬಂದಿದ್ದ ಸಂಖ್ಯಾಶಾಸ್ತ್ರದವರೊಬ್ಬರು, "ನಿಮ್ಮ ಪಿನ್‌ಕೋಡ್ 577201. ಅಂಕಿಗಳನ್ನು ಕೂಡಿದರೆ 22, ಮತ್ತೆ ಕೂಡಿದರೆ 4. ನಾಲ್ಕು ರಾಹುವಿನ ಸಂಖ್ಯೆ, ಜಾಗ್ರತೆ" ಎಂದು ಹೇಳಿ ಊಟ ಮಾಡಿ ಹೋದರು. ಸೊಸೆಗೆ ಅವತ್ತಿನಿಂದ ಸಮಾಧಾನ ಇಲ್ಲ. ನನಗೆ ಮೊದಲು ನಗು ಬಂತು. ಆಮೇಲೆ ಬೇರೆ ಯೋಚನೆ ಬಂತು. ಈ ನಂಬರನ್ನು ಎಷ್ಟು ಲಕ್ಷ ಸಲ ಓದಿದ್ದೇನೋ ಗೊತ್ತಿಲ್ಲ. ಅದು ಎಂಥ ಸಂಖ್ಯೆ ಅಂತ ಒಂದು ದಿನವೂ ಕೇಳಲಿಲ್ಲ. ಅದನ್ನು ಯಾವುದಾದರೂ ಭಾಗಿಸುತ್ತದಾ? ಲೆಕ್ಕದವರ ಕಣ್ಣಿಗೆ ಅದರಲ್ಲಿ ಏನಾದರೂ ಕಾಣುತ್ತದಾ?
— ನಿವೃತ್ತ ಅಂಚೆಯಣ್ಣ, ಶಿವಮೊಗ್ಗ

ಉತ್ತರ: ಅಂಚೆಯಣ್ಣ, ನಿಮ್ಮ ಕಾಗದ ಬಂದ ದಿನ ಬೇರೆ ಯಾವ ಕೆಲಸವೂ ಆಗಲಿಲ್ಲ.

ಪಿನ್‌ಕೋಡ್ ವಿಷಯ ನಿಮಗೆ ಹೇಳಬೇಕಾಗಿಲ್ಲ. ಬೇರೆ ಓದುಗರಿಗೆ ಎರಡು ಮಾತು. ಇದು ಶುರುವಾದದ್ದು 1972ರ ಆಗಸ್ಟ್ 15ರಂದು. ಇದರ ಹಿಂದೆ ಇದ್ದವರು ಶ್ರೀರಾಮ ಭಿಕಾಜಿ ವೇಲಣಕರ್, ಸಂಸ್ಕೃತದಲ್ಲಿ ಕವಿತೆ ಬರೆಯುತ್ತಿದ್ದ ಅಂಚೆ ಅಧಿಕಾರಿ. ಮೊದಲ ಮೂರು ಅಂಕಿ ಕಾಗದ ಯಾವ ಸೀಮೆಗೆ ಹೋಗಬೇಕು ಅಂತ ಹೇಳುತ್ತವೆ, ಕೊನೆಯ ಮೂರು ಯಾವ ಅಂಚೆ ಕಚೇರಿಗೆ ಅಂತ. ದಾವಣಗೆರೆ, ಚಿಕ್ಕಮಗಳೂರು, ಚಿತ್ರದುರ್ಗ ಎಲ್ಲ ನಮ್ಮ ಜೊತೆ 577ರಲ್ಲೇ ಇವೆ. ಅಂದರೆ ಇದು ವಿಳಾಸ, ಎಣಿಕೆ ಅಲ್ಲ. ಆದರೂ ಬರೆದ ಮೇಲೆ ಸಂಖ್ಯೆ ಸಂಖ್ಯೆಯೇ. ಐದು ಲಕ್ಷದ ಎಪ್ಪತ್ತೇಳು ಸಾವಿರದ ಇನ್ನೂರ ಒಂದು.

ಇದು ಅವಿಭಾಜ್ಯವಾ? ಅಂದರೆ 1 ಮತ್ತು ತಾನೇ ಬಿಟ್ಟು ಬೇರೆ ಯಾವುದರಿಂದಲೂ ಶೇಷವಿಲ್ಲದೆ ಭಾಗ ಹೋಗದ ಸಂಖ್ಯೆಯಾ? ಕೊನೆಗೆ 1 ಇದೆ, ಹಾಗಾಗಿ 2 ಇಲ್ಲ, 5 ಇಲ್ಲ. ಅಂಕಿಗಳ ಮೊತ್ತ 22, ಹಾಗಾಗಿ 3 ಇಲ್ಲ. 7ರಿಂದ ಭಾಗಿಸಿದರೆ 2 ಉಳಿಯುತ್ತದೆ, 11ರಿಂದ 9. 13ರಿಂದ ಭಾಗಿಸಿದರೆ ಬರೀ 1 ಉಳಿಯುತ್ತದೆ. ಸ್ವಲ್ಪದರಲ್ಲಿ ತಪ್ಪಿತು.

17ಕ್ಕೆ ನಾನು ಕ್ಲಾಸಿನಲ್ಲಿ ಒಂದು ಉಪಾಯ ಹೇಳಿಕೊಡುತ್ತಿದ್ದೆ. ಕೊನೆಯ ಅಂಕಿ ಕಿತ್ತುಹಾಕಿ. ಅದನ್ನು ಐದರಿಂದ ಗುಣಿಸಿ, ಉಳಿದ ಸಂಖ್ಯೆಯಿಂದ ಕಳೆಯಿರಿ. ಸಂಖ್ಯೆ ಸಣ್ಣದಾಗುವವರೆಗೆ ಹೀಗೇ ಮಾಡುತ್ತಾ ಹೋಗಿ. ಕೊನೆಗೆ 17ರ ಮಗ್ಗಿಯಲ್ಲಿ ಬರುವ ಸಂಖ್ಯೆ ಸಿಕ್ಕರೆ ಭಾಗ ಹೋಗುತ್ತದೆ. ಹದಿನೇಳು ಮೂರ್ಲೆ ಐವತ್ತೊಂದು, ಅದಕ್ಕೇ ಈ ಉಪಾಯ ನಡೆಯುವುದು. ನಾವು ಪ್ರತಿ ಸಲ ಕದ್ದುಮುಚ್ಚಿ ಕಳೆಯುತ್ತಿರುವುದು 51ರ ಮಡಿಗಳನ್ನು.

ಹಾಗೆ ಮಾಡಿದೆ. 57720ರಲ್ಲಿ 5 ಹೋದರೆ 57715. 5771ರಲ್ಲಿ 25 ಹೋದರೆ 5746. 574ರಲ್ಲಿ 30 ಹೋದರೆ 554. 55ರಲ್ಲಿ 20 ಹೋದರೆ 35. ಇದು 17ರ ಮಗ್ಗಿಯಲ್ಲಿ ಇಲ್ಲ. 17 ಹೊಡೆದುಹಾಕಿ ಮುಂದೆ ಹೋದೆ.

ಎಲ್ಲಿಯವರೆಗೆ ನೋಡಬೇಕು? ವರ್ಗಮೂಲದವರೆಗೆ ನೋಡಿದರೆ ಸಾಕು. 760ರ ವರ್ಗ 577600. ನಮ್ಮ ಸಂಖ್ಯೆ ಅದಕ್ಕಿಂತ 399 ಕಡಿಮೆ. ಅಂದರೆ 757ರವರೆಗಿನ 134 ಅವಿಭಾಜ್ಯಗಳನ್ನು ಒಂದೊಂದಾಗಿ ಹಚ್ಚಿ ನೋಡಬೇಕು. ಅಯ್ಯೋ ದೇವರೇ ಅನ್ನಿಸಿತು. ಒಂದು ಲೋಟ ಕಷಾಯ ಮಾಡಿಕೊಂಡು ಬಂದೆ. ಬಂದು ಅದೇ ಸಾಲನ್ನು ಮತ್ತೆ ನೋಡಿದೆ: 760, 399. ಆಗ ಹೊಳೆಯಿತು. 760 ಅಂದರೆ 19ರ 40 ಪಟ್ಟು. 399 ಅಂದರೆ 19ರ 21 ಪಟ್ಟು. ಎರಡರಲ್ಲೂ 19 ಇದ್ದ ಮೇಲೆ ಒಂದರಲ್ಲಿ ಇನ್ನೊಂದು ಕಳೆದರೂ 19 ಇರಲೇಬೇಕು. ಭಾಗಿಸಿದೆ. ಬಂತು, 30379. ಜಗುಲಿಯಲ್ಲಿ ಒಬ್ಬಳೇ ಕೂತು ಚಪ್ಪಾಳೆ ತಟ್ಟಿದೆ. ಬೆಕ್ಕು ಎದ್ದು ಹೋಯಿತು.

ಇನ್ನು 30379. ಇದರ ವರ್ಗಮೂಲ 174ರ ಆಸುಪಾಸು. 19ರಿಂದ ಶುರು ಮಾಡಿ 173ರವರೆಗೆ ಎಲ್ಲ ಅವಿಭಾಜ್ಯಗಳಿಂದ ಭಾಗಿಸಿದೆ. ಒಂದರಿಂದಲೂ ಹೋಗಲಿಲ್ಲ. "577201 = 19 × 30379, ಎರಡೂ ಅವಿಭಾಜ್ಯ" ಅಂತ ದುಂಡಗೆ ಬರೆದು ಗೆರೆ ಎಳೆದೆ.

ಸಂಜೆ ಪಕ್ಕದ ಮನೆಯ ಹುಡುಗ ಬಂದ. ಎಂಟನೇ ಕ್ಲಾಸು. ಶಾಲೆಗೆ ಮಳೆ ರಜೆ. ಕಾಗದ ನೋಡಿ ಸುಮ್ನೆ 30379ನ್ನು ಭಾಗಿಸುತ್ತಾ ಕೂತ. ಸ್ವಲ್ಪ ಹೊತ್ತಿಗೆ, "ಅಕ್ಕೋರೇ, ಇದು ಹದಿನೇಳರಿಂದ ಹೋಗ್ತದೆ, 1787 ಬಂತು" ಎಂದ. ಆಗಲ್ಲ ಮಾರಾಯ, 17 ಆಗಲೇ ನೋಡಿದ್ದೇನೆ ಎಂದೆ. ಅವನು ಕಾಗದ ತಿರುಗಿಸಿ ತೋರಿಸಿದ. ಸರಿಯಾಗೇ ಇತ್ತು. 30379ರೊಳಗೆ 17 ಇದ್ದರೆ 577201ರೊಳಗೂ ಇರಲೇಬೇಕಲ್ವಾ? ಹಾಗಾದರೆ ನನ್ನ ಮೊದಲ ಲೆಕ್ಕವೇ ತಪ್ಪು. ಹುಡುಕಿದೆ. 574ರಲ್ಲಿ 30 ಹೋದರೆ 544, ನಾನು ಬರೆದದ್ದು 554. ಸರಿ ಮಾಡಿದರೆ 54ರಲ್ಲಿ 20 ಹೋಗಿ 34, ಹದಿನೇಳು ಎರಡ್ಲೆ. ಮೂವತ್ತಮೂರು ವರ್ಷ ಮಕ್ಕಳ ಕಳೆಯುವ ಲೆಕ್ಕಕ್ಕೆ ಕೆಂಪು ಶಾಯಿ ಹಾಕಿದವಳು ನಾನು. ಹುಡುಗ ಏನೂ ಹೇಳಲಿಲ್ಲ. ಡಬ್ಬದಲ್ಲಿದ್ದ ಕೋಡುಬಳೆ ಪೂರ್ತಿ ತಿಂದು ಹೋದ.

1787 ಮತ್ತೆ ಒಡೆಯುತ್ತದಾ? 41ರವರೆಗೆ ನೋಡಿದರೆ ಸಾಕು, ಏಕೆಂದರೆ 43ರ ವರ್ಗ 1849, ಆಗಲೇ ದಾಟಿತು. ಹದಿಮೂರು ಅವಿಭಾಜ್ಯಗಳು. ಈ ಸಲ ಹುಡುಗನಿಗೇ ಕೊಟ್ಟೆ. ಒಡೆಯಲಿಲ್ಲ. ಹಾಗಾಗಿ ನಿಮ್ಮ ಉತ್ತರ ಇದು:

577201 = 17 × 19 × 1787

ಇದರಲ್ಲಿ ನನಗೆ ಇಷ್ಟವಾದದ್ದು ಮೊದಲ ಎರಡು. 17, 19 ಅವಳಿಗಳು. ಎರಡೇ ಅಂತರದಲ್ಲಿ ಅಕ್ಕಪಕ್ಕ ಕೂರುವ ಅವಿಭಾಜ್ಯಗಳನ್ನು ಹಾಗೆ ಕರೆಯುತ್ತಾರೆ. ಇನ್ನೂ ಮಜಾ ಏನೆಂದರೆ 1787 ಕೂಡ ಅವಳಿಯಲ್ಲಿ ಒಂದು, ಅದರ ಜೋಡಿ 1789 ಸಹ ಅವಿಭಾಜ್ಯ. ಅದು ಮಾತ್ರ ಈ ಮನೆಗೆ ಬಂದಿಲ್ಲ. ಇಂಥ ಅವಳಿಗಳು ಎಣಿಸಿದಷ್ಟೂ ಸಿಗುತ್ತಾ ಹೋಗುತ್ತವಾ, ಇಲ್ಲ ಎಲ್ಲೋ ಒಂದು ಕಡೆ ಮುಗಿಯುತ್ತವಾ ಅಂತ ಇವತ್ತಿಗೂ ಯಾರೂ ಸಾಧಿಸಿ ತೋರಿಸಿಲ್ಲ. 2013ರಲ್ಲಿ ಯಿಟಾಂಗ್ ಝಾಂಗ್ ಎಂಬವರು, 7 ಕೋಟಿಗಿಂತ ಕಡಿಮೆ ಅಂತರದ ಅವಿಭಾಜ್ಯ ಜೋಡಿಗಳಿಗೆ ಕೊನೆಯಿಲ್ಲ ಎಂದು ಸಾಧಿಸಿದರು. ಆಮೇಲೆ ಬೇರೆಯವರು ಸೇರಿ ಆ 7 ಕೋಟಿಯನ್ನು 246ಕ್ಕೆ ಇಳಿಸಿದರು. 246ರಿಂದ 2ಕ್ಕೆ ಇನ್ನೂ ಇಳಿದಿಲ್ಲ.

ಈಗ ಇದನ್ನು ತೋಟಕ್ಕೆ ಹಾಕೋಣ. 577201 ಅಡಿಕೆ ಸಸಿ ಇವೆ ಅಂದುಕೊಳ್ಳಿ. ಒಂದೂ ಉಳಿಯದಂತೆ ಸಾಲಾಗಿ ನೆಡಬೇಕು. 17 ಸಾಲು ಮಾಡಿದರೆ ಸಾಲಿಗೆ 33953. 19 ಸಾಲಾದರೆ 30379. ಎರಡೂ ತೋಟದ ಹಾಗಿಲ್ಲ, ರಸ್ತೆ ಬದಿ ನೆಟ್ಟ ಹಾಗೆ. 17 ಮತ್ತು 19 ಗುಣಿಸಿದರೆ 323. 323 ಸಾಲು, ಸಾಲಿಗೆ 1787 ಸಸಿ. ಇದು ಪರವಾಗಿಲ್ಲ. ಒಂಬತ್ತು ಅಡಿ ಅಂತರ ಬಿಟ್ಟರೆ ಅಗಲ ಒಂದು ಕಿಲೋಮೀಟರಿಗೆ ಸ್ವಲ್ಪ ಕಡಿಮೆ, ಉದ್ದ ಹತ್ತಿರ ಹತ್ತಿರ ಐದು ಕಿಲೋಮೀಟರ್. ಸಾವಿರ ಎಕರೆಗೂ ಜಾಸ್ತಿ. ಕೊನೆ ತೆಗೆಯಲು ಜನ ಎಲ್ಲಿಂದ ತರುತ್ತೀರೋ ನಿಮಗೇ ಗೊತ್ತು.

ಇದಕ್ಕಿಂತ ಚೆಂದದ ನೋಟ ಒಂದಿದೆ. ಚೌಕದ ತೋಟ, 1055 ಸಾಲು, ಸಾಲಿಗೆ 1055 ಮರ. ಅದರ ಒಂದು ಮೂಲೆಯಲ್ಲಿ 732 ಸಾಲಿಗೆ 732 ಮರದ ಚೌಕ ಹಳದಿ ಎಲೆ ರೋಗಕ್ಕೆ ಹೋಯಿತು ಅನ್ನಿ. ಬಾಯಿಗೆ ಬಂದ ಉದಾಹರಣೆ, ಯಾರ ತೋಟಕ್ಕೂ ಬಾರದಿರಲಿ. ಉಳಿದ ಮರ ಎಷ್ಟು? 1113025ರಲ್ಲಿ 535824 ಕಳೆಯಿರಿ. 577201. ಸರಿಯಾಗಿ ನಿಮ್ಮ ಪಿನ್‌ಕೋಡ್! ಉಳಿದದ್ದು ಗುದ್ದಲಿ ಹಾಗೆ ಬಾಗಿದ ಪಟ್ಟಿ. ಅದರ ಒಂದು ಕೈ ಕತ್ತರಿಸಿ ಇನ್ನೊಂದರ ತುದಿಗೆ ಜೋಡಿಸಿದರೆ ಅಗಲ 1055ರಲ್ಲಿ 732 ಹೋಗಿ 323, ಉದ್ದ 1055ಕ್ಕೆ 732 ಸೇರಿ 1787. ಅದೇ ಹಳೇ ತೋಟ. ಕಾಗದದಲ್ಲಿ ಬರೆದು ಕತ್ತರಿ ಹಾಕಿ ನೋಡಿ, ಸೊಸೆಗೂ ತೋರಿಸಿ.

ಪಕ್ಕದ ಮನೆಯ 577200 ಹೇಗಿದೆ ಗೊತ್ತಾ? ಅದಕ್ಕೆ 120 ಭಾಜಕಗಳು. ಯಾರು ಬಂದರೂ ಪಾಲು ಕೊಡುತ್ತದೆ. ನಿಮ್ಮದಕ್ಕೆ ಎಂಟೇ: 1, 17, 19, 323, 1787, 30379, 33953 ಮತ್ತು ತಾನು. ಒಂದೇ ಒಂದರ ವ್ಯತ್ಯಾಸ, ಸ್ವಭಾವ ಪೂರ್ತಿ ಬೇರೆ.

ಇನ್ನು ಆ ನಾಲ್ಕು. ಅಂಕಿಗಳನ್ನು ಕೂಡುತ್ತಾ ಹೋದರೆ ಕೊನೆಗೆ ಸಿಗುವುದು 9ರಿಂದ ಭಾಗಿಸಿದಾಗ ಉಳಿಯುವ ಶೇಷ, ಅಷ್ಟೇ. ಒಂಬತ್ತು ಸಂಖ್ಯೆಗೆ ಒಂದು 4 ಬಂದೇ ಬರುತ್ತದೆ. ನಿಮ್ಮದಕ್ಕೆ 9 ಕೂಡಿಸಿ, 577210, ಅದೂ 4. ಇನ್ನೂ ಒಂದು ಮಾತು. ನಾವು ಹತ್ತತ್ತರ ಗುಂಪಿನಲ್ಲಿ ಬರೆಯುತ್ತೇವೆ, ಅದಕ್ಕೇ ಮೊತ್ತ 22. ನಮಗೆ ಎಂಟೇ ಬೆರಳಿದ್ದು ಎಂಟೆಂಟರ ಗುಂಪಿನಲ್ಲಿ ಬರೆಯುತ್ತಿದ್ದರೆ ಅದೇ ಸಂಖ್ಯೆ 2147261 ಆಗುತ್ತಿತ್ತು, ಮೊತ್ತ 23. ರಾಹು ಬೆರಳು ಎಣಿಸಿಕೊಂಡು ಬರುತ್ತಾನಾ? 323 ಸಾಲಿನ ತೋಟ ಮಾತ್ರ ಹೇಗೆ ಬರೆದರೂ 323 ಸಾಲಿನ ತೋಟವೇ.

ನಾಲ್ಕಕ್ಕೆ ನನ್ನ ಹತ್ತಿರ ಇರುವ ಕೆಲಸ ಒಂದೇ, ತಾಳೆ ನೋಡುವುದು. 17 ಅಂದರೆ 8, 19 ಅಂದರೆ 1, 1787 ಅಂದರೆ 5. ಗುಣಿಸಿದರೆ 40, ಅಂದರೆ 4. ಸರಿಹೋಯಿತು.

ಪ್ರಶ್ನೆ: ಒಂದು ಸಂಖ್ಯೆಗೆ ಅದನ್ನೇ ತಿರುಗಿಸಿ ಬರೆದು ಕೂಡಿಸುತ್ತಾ ಹೋದರೆ, ಹಿಂದಿನಿಂದ ಓದಿದರೂ ಮುಂದಿನಿಂದ ಓದಿದರೂ ಒಂದೇ ಆಗುವ ಸಂಖ್ಯೆ ಬರುತ್ತದೆ ಎಂದು ಗೆಳೆಯ ಹೇಳಿದ. ಎಲ್ಲ ಸಂಖ್ಯೆಗೂ ಬರುತ್ತದಾ ಮೇಡಂ?
— ಪಿಯುಸಿ ವಿದ್ಯಾರ್ಥಿ, ಸಾಗರ

ಉತ್ತರ: ವಿಕಟಕವಿ ಸಂಖ್ಯೆ ಅನ್ನು, ಕನ್ನಡದಲ್ಲಿ ಅದಕ್ಕಿಂತ ಒಳ್ಳೇ ಹೆಸರು ಬೇಡ. ಮೇಲಿನ ಅಂಚೆಯಣ್ಣನ ಸಂಖ್ಯೆಯನ್ನೇ ತಗೋ. 577201ಕ್ಕೆ 102775 ಕೂಡಿಸು. 679976. ಒಂದೇ ಏಟಿಗೆ ವಿಕಟಕವಿ! ಅದನ್ನು 11ರಿಂದ ಭಾಗಿಸು, 61816. ಅದೂ ವಿಕಟಕವಿ. ಇದನ್ನು ನೋಡಿದಾಗ ನನಗೇ ನಂಬಲಾಗದೆ ಎರಡು ಸಲ ಮಾಡಿದೆ. (ಒಂದು ಸಲ ತಪ್ಪಿದ ಮೇಲೆ ಎಲ್ಲವನ್ನೂ ಎರಡು ಸಲ ಮಾಡುತ್ತಿದ್ದೇನೆ.)

ನಿಮ್ಮ ಸಾಗರ 577401. ಅದಕ್ಕೆ ಮೂರು ಸಲ ಬೇಕು: 682176, 1353462, 3996993. ನಮ್ಮ ತೀರ್ಥಹಳ್ಳಿ 577432ಕ್ಕೂ ಮೂರು: 812207, 1514425, 6758576. ಕೂಡುವಾಗ ದಶಕ ಬಾರದಿದ್ದರೆ ಒಂದೇ ಸಲಕ್ಕೆ ಆಗಿಬಿಡುತ್ತದೆ. ದಶಕ ಬಂದರೆ ಎಡಗಡೆಗೆ ಹೋಗಿ ಸಮ ಕೆಡಿಸುತ್ತದೆ.

ಸಣ್ಣ ಸಂಖ್ಯೆ ಅಂತ ಸದರ ಮಾಡಬೇಡ. 89ಕ್ಕೆ 24 ಸಲ ಕೂಡಬೇಕು, ಆಗ 8813200023188 ಬರುತ್ತದೆ. ಇನ್ನು 196 ಅಂತ ಒಂದಿದೆ. 1987ರಲ್ಲಿ ಜಾನ್ ವಾಕರ್ ಎಂಬವರು ಕಂಪ್ಯೂಟರನ್ನು ಇದಕ್ಕೇ ಹಚ್ಚಿ ಬಿಟ್ಟರು. ಹೆಚ್ಚುಕಡಿಮೆ ಮೂರು ವರ್ಷ ಓಡಿತು. ಹತ್ತು ಲಕ್ಷ ಅಂಕಿಗಳ ಸಂಖ್ಯೆ ಬಂತು, ವಿಕಟಕವಿ ಬರಲಿಲ್ಲ. ಎಂದಿಗೂ ಬರುವುದಿಲ್ಲ ಎಂದು ಸಾಧಿಸಿದವರೂ ಇಲ್ಲ. ಹಾಗಾಗಿ ನಿನ್ನ ಗೆಳೆಯ ಹೇಳಿದ್ದು ಬಹಳಷ್ಟು ಸಣ್ಣ ಸಂಖ್ಯೆಗಳಿಗೆ ಸರಿ, ಎಲ್ಲಕ್ಕೂ ಸರಿಯಾ ಅಂತ ಯಾರಿಗೂ ಗೊತ್ತಿಲ್ಲ.

ಇಷ್ಟ ಇದ್ದರೆ ಇನ್ನೊಂದು ಆಟ ಆಡು. ಇದು ಕೂಡುವುದಲ್ಲ, ಕಳೆಯುವುದು. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಮೇಷ್ಟ್ರಾಗಿದ್ದ ಕಾಪ್ರೇಕರ್ 1949ರಲ್ಲಿ ಕಂಡುಹಿಡಿದದ್ದು. ಅಂಕಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಬರೆ, ಅದರಿಂದ ಸಣ್ಣದರಿಂದ ದೊಡ್ಡದಕ್ಕೆ ಬರೆದದ್ದನ್ನು ಕಳೆ. ಉತ್ತರಕ್ಕೆ ಮತ್ತೆ ಹಾಗೇ ಮಾಡು. 1787 ತಗೋ: 8771ರಲ್ಲಿ 1778 ಹೋದರೆ 6993. ಆಮೇಲೆ 6264, 4176, 6174. ಅಲ್ಲಿಗೆ ನಿಲ್ಲುತ್ತದೆ. 7641ರಲ್ಲಿ 1467 ಕಳೆದರೆ ಮತ್ತೆ 6174ಯೇ. ನಾಲ್ಕೂ ಅಂಕಿ ಒಂದೇ ಆಗಿರದ ಯಾವುದೇ ನಾಲ್ಕಂಕಿಯ ಸಂಖ್ಯೆ ಏಳು ಸಲದೊಳಗೆ ಅಲ್ಲಿಗೇ ಬಂದು ಸೇರುತ್ತದೆ.

ಆರಂಕಿಗೆ ಹಾಗಿಲ್ಲ. 577201ನ್ನು ಹೀಗೇ ಕಳೆಯುತ್ತಾ ಹೋದೆ. ಆರನೇ ಸಲ 420876 ಬಂತು. ಆಮೇಲೆ 851742, 750843, 840852, 860832, 862632, 642654, ಮತ್ತೆ 420876! ಏಳು ಸಂಖ್ಯೆಗಳ ಸುತ್ತು. ಆಲೆಮನೆಯಲ್ಲಿ ಗಾಣಕ್ಕೆ ಕಟ್ಟಿದ ಕೋಣ ನೋಡಿದ್ದೀಯಲ್ಲ, ಹಾಗೆ. ಅಲ್ಲಿಂದ ಬಿಡುಗಡೆ ಇಲ್ಲ.

ಪ್ರಶ್ನೆ: ಅಜ್ಜನ ಹಳೇ ಅಡಿಕೆ ಲೆಕ್ಕದ ಪುಸ್ತಕದ ಕೊನೇ ಪುಟದಲ್ಲಿ 12345679 × 9 = 111111111 ಎಂದು ಬರೆದಿತ್ತು. ಗುಣಿಸಿ ನೋಡಿದೆ, ಸರಿ ಇದೆ. ಆದರೆ 8 ಯಾಕೆ ಇಲ್ಲ? ಅಜ್ಜ ಮರೆತರಾ? 8 ಸೇರಿಸಿದರೆ ಬರುವುದೇ ಇಲ್ಲ.
— ಕಾಲೇಜು ಹುಡುಗಿ, ಸೊರಬ

ಉತ್ತರ: ಅಜ್ಜ ಮರೆತಿಲ್ಲ ಮಗಳೇ. ಎಂಟೂ ಎಲ್ಲಿಗೂ ಹೋಗಿಲ್ಲ.

1ನ್ನು 81ರಿಂದ ಭಾಗಿಸು. 0.012345679012345679... ಅಂತ ಇದೇ ಅಂಕಿಗಳು ಮುಗಿಯದೆ ಬರುತ್ತವೆ. ಯಾಕೆಂದರೆ ಆ ಭಾಗಲಬ್ಧ ನಿಜಕ್ಕೂ 0, 1, 2, 3 ಎಂದು ಎಲ್ಲ ಸಂಖ್ಯೆಗಳನ್ನೂ ಒಂದೊಂದು ಮನೆ ಬಲಕ್ಕೆ ಸರಿಸಿ ಬರೆದು ಕೂಡಿದ ಹಾಗೆ. 9ರವರೆಗೆ ತೊಂದರೆ ಇಲ್ಲ, ಒಂದೊಂದಕ್ಕೆ ಒಂದೊಂದು ಮನೆ ಸಾಕು. ಆಮೇಲೆ 10 ಬರುತ್ತದೆ. ಅದಕ್ಕೆ ಎರಡು ಮನೆ ಬೇಕು, ಇರುವುದು ಒಂದೇ. ಹಾಗಾಗಿ 10ರ ಒಂದು ಹಿಂದಿನ 9ರ ತಲೆ ಮೇಲೆ ಕೂರುತ್ತದೆ. 9 ಮತ್ತು 1 ಸೇರಿ ಹತ್ತು. ಸೊನ್ನೆ ಅಲ್ಲೇ ಬರೆದು ದಶಕ ಒಂದನ್ನು ಹಿಂದಿನ ಮನೆಗೆ ದಾಟಿಸಬೇಕು. ಹಿಂದಿನ ಮನೆಯಲ್ಲಿ ಯಾರಿದ್ದರು? ಎಂಟು. ಅದಕ್ಕೆ ಒಂದು ಸೇರಿ ಒಂಬತ್ತಾಯಿತು. ನಿನಗೆ ಕಾಣುವ 9 ನಿಜಕ್ಕೂ ಆ ಎಂಟೇ. ನಿಜವಾದ ಒಂಬತ್ತು ಅದರ ಮುಂದೆ ಸೊನ್ನೆಯಾಗಿ ಕೂತಿದೆ.

012345679 ತಿರುಗಿ ತಿರುಗಿ ಬರುವುದರಿಂದ ಅದರ 81 ಪಟ್ಟು 999999999 ಆಗಲೇಬೇಕು. ಹಾಗಾದರೆ 9 ಪಟ್ಟು ಅಜ್ಜ ಬರೆದದ್ದೇ. 12345679ನ್ನು ಒಡೆದು ನೋಡಿದರೆ 37 × 333667, ಎರಡೂ ಅವಿಭಾಜ್ಯ.

ಎಂಟು ಕಣ್ಣಾರೆ ಕಾಣಲೇಬೇಕು ಅಂತ ಇದ್ದರೆ ಅಜ್ಜನ ಸಂಖ್ಯೆಯನ್ನು 72ರಿಂದ ಗುಣಿಸು. ಒಟ್ಟಿಗೆ ಒಂಬತ್ತು ಸಿಗುತ್ತವೆ.